ನಿಮಗಿದು ಗೊತ್ತೆ?: ಹಳೆಯ ವಾಲ್ವ್ ಆಂಪ್ಲಿಫೈಯರಿನ ನಾದ

ಅಮೆರಿಕೆಯ ಫೆಂಡರ್ ಸಂಸ್ಥೆಯವರು 1952ರಲ್ಲಿ ಬಾಸ್ ಗಿಟಾರಿನ ಮಂದ್ರಸ್ವರಗಳಿಗೆಂದೇ ಹೊರತಂದ ‘ಬಾಸ್‌ಮನ್’ ಎಂಬ ವಾಲ್ವ್ ಆಂಪ್ಲಿಫೈಯರು, ತನ್ನ ಉದ್ದಿಷ್ಟ ಕಾರ್ಯಕ್ಕಿಂತಲೂ ಮಿಗಿಲಾಗಿ ಇತರ ಗಿಟಾರ್ ವಾದಕರ ಕೈಯಲ್ಲಿಯೇ ಕೀರ್ತಿಯನ್ನು ಪಡೆಯಿತು. 1960ರ ದಶಕದ ಆದಿಯಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ಲರ ಅಂಗಡಿಯಲ್ಲಿ ಸಿದ್ಧವಾದ, ಅವರ ಹೆಸರನ್ನೇ ಹೊತ್ತ ಮೊದಲ ಆಂಪ್ಲಿಫೈಯರಿಗೂ ಇದರ ವಿನ್ಯಾಸವೇ ಮಾದರಿಯಾಯಿತು. ಧ್ವನಿಯನ್ನು ಏರಿಸಿದಂತೆಲ್ಲ ವಾಲ್ವುಗಳು (ನಿರ್ವಾತ ನಳಿಕೆಗಳು) ತಮ್ಮ ಸಾಮರ್ಥ್ಯದ ಮೇರೆಯನ್ನು ಮುಟ್ಟಿ, ಸ್ವರತರಂಗದ ಶಿಖರಗಳನ್ನು ಥಟ್ಟನೆ ಕತ್ತರಿಸದೆ ಕ್ರಮಕ್ರಮವಾಗಿ ದುಂಡಗಾಗಿಸುವುದರಿಂದ ಹುಟ್ಟುವ ಆ ತುಂಬುನಾದವೇ ರಸಿಕರನ್ನು ಇಂದಿಗೂ ಸೆಳೆಯುತ್ತಿರುವುದು.

ಇಂತಹ ಹಳೆಯ ಆಂಪ್ಲಿಫೈಯರನ್ನು ಕೊಳ್ಳುವವರು ಹೊರಮೈಯ ಹೊಳಪಿಗೆ ಮರುಳಾಗದೆ, ಟ್ರಾನ್ಸ್‌ಫಾರ್ಮರುಗಳು ಮೂಲದವೇ ಎಂಬುದನ್ನು ಮೊದಲು ವಿಚಾರಿಸುವುದು ಲೇಸು. ವಾಲ್ವುಗಳು ಸವೆಯುವುದೂ ಕೆಪಾಸಿಟರುಗಳು ಒಣಗುವುದೂ ಸಹಜವಾದುದರಿಂದ ಅವನ್ನು ಬದಲಿಸಿದ್ದರೆ ಅದು ದೋಷವೆನಿಸದು. ಅಮೆರಿಕೆಯ ಸುಮಾರು 120 ವೋಲ್ಟಿನ ವಿದ್ಯುತ್ತಿಗಾಗಿ ರಚಿತವಾದ ಯಂತ್ರವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋದೀತು. ಸ್ಪೀಕರಿನ ಸಂಪರ್ಕವಿಲ್ಲದೆ ನುಡಿಸಿದರೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಅಪಾಯ ತಪ್ಪದು. ಎಲ್ಲಕ್ಕಿಂತ ಮುಖ್ಯವಾಗಿ, ಇಂತಹ ಯಂತ್ರದೊಳಗೆ 400 ವೋಲ್ಟನ್ನು ಮೀರುವ ವಿದ್ಯುತ್ತು ಪ್ರವಹಿಸುವುದಲ್ಲದೆ, ಪ್ಲಗ್ಗನ್ನು ಕಿತ್ತ ಮೇಲೆಯೂ ಅದು ಕೆಪಾಸಿಟರುಗಳಲ್ಲಿ ಪ್ರಾಣಾಂತಕವಾಗಿ ಉಳಿದಿರಬಹುದಾದುದರಿಂದ, ದಯವಿಟ್ಟು ಅದನ್ನು ತಾವೇ ಬಿಚ್ಚದೆ ನುರಿತ ತಂತ್ರಜ್ಞರಿಗೆ ಒಪ್ಪಿಸಿರಿ.