ರೇಯಾನ್ ಅಂಗಿಯ ಇಂಗಾಲದ ಲೆಕ್ಕ

ರೇಯಾನ್ ಕುರ್ತಾ ರೇಷ್ಮೆಯಂತೆ ಹೊಳೆದರೂ ಅದರ ಎಳೆ ಬರುವುದು ಮರದಿಂದ. ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ರೇಯಾನಿನ ತಿರುಳಿಗಾಗಿ ದಶಕಗಳಿಂದ ಅರೆಯುತ್ತಿರುವುದು ನೀಲಗಿರಿ ಮರವನ್ನು.

ಮರದ ಚಕ್ಕೆಗಳನ್ನು ರಾಸಾಯನಿಕಗಳೊಂದಿಗೆ ಒತ್ತಡದಲ್ಲಿ ಬೇಯಿಸಿದಾಗ ನಾರುಗಳನ್ನು ಬಂಧಿಸಿದ್ದ ಲಿಗ್ನಿನ್ ಕಪ್ಪು ದ್ರಾವಣವಾಗಿ ಬೇರ್ಪಡುತ್ತದೆ. ಅದನ್ನು ಬತ್ತಿಸಿ ಬಾಯ್ಲರಿನಲ್ಲಿ ಉರಿಸಿದರೆ ಹಬೆಯೂ ವಿದ್ಯುತ್ತೂ ಸಿಗುತ್ತವೆ; ಅಷ್ಟರ ಮಟ್ಟಿಗೆ ಕಲ್ಲಿದ್ದಲು ಉಳಿಯುತ್ತದೆ. ಉಳಿದ ಸೆಲ್ಯುಲೋಸನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಬಳಸಿ ಕರಗಿಸಿ, ಸಣ್ಣ ತೂತುಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಬಿಟ್ಟರೆ ಎಳೆಯಾಗುತ್ತದೆ. ಈ ರಾಸಾಯನಿಕಗಳನ್ನು ತಯಾರಿಸಲೂ ಶಕ್ತಿ ಬೇಕು. ಅದು ಕಲ್ಲಿದ್ದಲಿನಿಂದ ಬಂದರೆ ಮೊದಲು ಉಳಿಸಿದ್ದು ಇಲ್ಲಿ ಸೋರಿಹೋಗುತ್ತದೆ.

ಈಗ ಅಂಗಿಯನ್ನೇ ತೂಗೋಣ. ಸೆಲ್ಯುಲೋಸಿನ ತೂಕದಲ್ಲಿ ಶೇಕಡಾ 44ರಷ್ಟು ಇಂಗಾಲ. 200 ಗ್ರಾಂ ಅಂಗಿ ಎಂದರೆ, ಮರ ಗಾಳಿಯಿಂದ ಹೀರಿದ ಸುಮಾರು 325 ಗ್ರಾಂ ಇಂಗಾಲದ ಡೈಆಕ್ಸೈಡ್. ಇದನ್ನೇ ತೋರಿಸಿ ‘ಪರಿಸರಸ್ನೇಹಿ’ ಎಂದು ಮಾರುವುದು ಅರ್ಧ ಸತ್ಯ. ಅಂಗಿ ಹರಿದು ಕಸದ ಬೆಂಕಿಗೆ ಬಿದ್ದ ದಿನ ಅಷ್ಟೂ ಮತ್ತೆ ಗಾಳಿಗೇ. ಗಾಳಿಯಾಡದ ಕಸದ ಗುಡ್ಡೆಯಲ್ಲಿ ಕೊಳೆತರೆ ಅದರಲ್ಲೊಂದು ಪಾಲು ಮೀಥೇನ್ ಆಗುತ್ತದೆ, ಅದು ಇನ್ನೂ ಕೆಟ್ಟದ್ದು. ಅದೇ ಮರ ಬಾಗಿಲ ಚೌಕಟ್ಟಾಗಿದ್ದರೆ ತಲೆಮಾರುಗಟ್ಟಲೆ ಇಂಗಾಲವನ್ನು ಹಿಡಿದಿಡುತ್ತಿತ್ತು. ಆದರೂ ಪಾಲಿಯೆಸ್ಟರಿಗಿಂತ ಇದಕ್ಕೊಂದು ಅನುಕೂಲವಿದೆ: ಪಾಲಿಯೆಸ್ಟರಿನ ಮೂಲವಾದ ಪೆಟ್ರೋಲಿಯಂ ಹೊಸ ಇಂಗಾಲವನ್ನು ನೆಲದಾಳದಿಂದ ಎತ್ತಿ ತರುತ್ತದೆ, ಮರವಾದರೆ ಮತ್ತೆ ಬೆಳೆದು ಅದನ್ನು ಹೀರಿಕೊಳ್ಳಬಲ್ಲದು.

‘ಮತ್ತೆ ಬೆಳೆದು’ ಎನ್ನುವಲ್ಲೇ ಜಗಳ. ಯಾವ ನೆಲದಲ್ಲಿ? ಹೊಲದ ಬದುವಿನಲ್ಲಿ ಬೆಳೆದ ನೀಲಗಿರಿಗೂ ಕುರುಚಲು ಕಾಡು ಸವರಿ ನೆಟ್ಟದ್ದಕ್ಕೂ ಲೆಕ್ಕ ಒಂದೇ ಅಲ್ಲ. ಕಾಡು ಸವರಿದರೆ ಗಿಡ ಮತ್ತು ಮಣ್ಣಿನಲ್ಲಿದ್ದ ಇಂಗಾಲ ಮೊದಲೇ ನಷ್ಟ. 1984ರಲ್ಲಿ ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್‌ನೊಂದಿಗೆ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಮಾಡಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿ ಕೊಡಲು ಹೊರಟಿತ್ತು. ದನ ಮೇಯುವ, ಸೌದೆ ಆಯುವ ನೆಲ ಅದು. 1987ರ ನವೆಂಬರ್ 14ರಂದು ಕುಸನೂರು ಎಂಬ ಹಳ್ಳಿಯ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹದಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. ಕೊನೆಗೆ ಆ ಜಂಟಿ ಕಂಪನಿ ಮುಚ್ಚಿತು. ಹವಾಮಾನದ ಮಾತು ಆಗ ಯಾರೂ ಎತ್ತಿರಲಿಕ್ಕಿಲ್ಲ, ಆದರೆ ಅವರು ಎತ್ತಿದ ನೆಲದ ಪ್ರಶ್ನೆಯನ್ನು ಬಿಟ್ಟು ಇಂದು ಇಂಗಾಲದ ಲೆಕ್ಕ ಹಾಕಲಾಗದು.

ಕಾರ್ಖಾನೆಯ ಬಾಯ್ಲರು, ನೆಡುತೋಪಿನ ನೆಲ ಕೊಳ್ಳುವವರ ಕೈಯಲ್ಲಿಲ್ಲ. ಅಂಗಿಯ ಆಯುಷ್ಯ ಮಾತ್ರ ಇದೆ. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಕಲ್ಲಿಗೆ ಬಡಿಯಬೇಡಿ, ತಿರುಚಿ ಹಿಂಡಬೇಡಿ, ನೆರಳಲ್ಲಿ ಒಣಗಿಸಿ.