ಗಣಕಜಾಲದ ಕ್ಷೇಮಸಮಾಚಾರ

“ನೆಟ್‌ವರ್ಕ್ ಇಲ್ಲ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ” ಎಂಬ ಮಾತನ್ನು ಬ್ಯಾಂಕಿನಲ್ಲಿ ಕೇಳದವರು ಈಗ ವಿರಳ. ಕೆಟ್ಟದ್ದು ಯಾವುದೆಂಬುದು ಆ ಮಾತನ್ನಾಡಿದ ಗುಮಾಸ್ತರಿಗೂ ತಿಳಿದಿರುವುದಿಲ್ಲ. ಶಾಖೆಯ ಗಣಕಯಂತ್ರಕ್ಕೂ ದೂರದ ಕೇಂದ್ರಕ್ಕೂ ನಡುವೆ ಸ್ವಿಚ್ಚುಗಳು, ರೂಟರುಗಳು, ತಂತಿಗಳು ಹಲವಿದ್ದು, ಯಾವುದೊಂದು ಮುಷ್ಕರ ಹೂಡಿದರೂ ಫಲ ಒಂದೇ. ಇಷ್ಟು ಸಾಲದೆಂಬಂತೆ, ಕೆಟ್ಟ ದಾರಿಯ ಸುದ್ದಿಯು ಆ ದಾರಿಯಲ್ಲಿಯೇ ಬರಬೇಕಾಗುತ್ತದೆ. ಈ ತೊಡಕನ್ನು ನೆನಪಿನಲ್ಲಿಟ್ಟುಕೊಂಡರೆ ಜಾಲನಿರ್ವಹಣೆಯ ಪರಿಭಾಷೆಯು ತಾನಾಗಿಯೇ ತಿಳಿಯಾಗುವುದು.

ಸಾಧನಗಳಲ್ಲೆಲ್ಲ ಸರಳವಾದುದು ಪಿಂಗ್. 1983ರಲ್ಲಿ ಅಮೆರಿಕದ ಸೈನ್ಯದ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಎಂಬವರು ಇದನ್ನು ರಚಿಸಿ, ಸೋನಾರ್ ಯಂತ್ರದ ಸದ್ದನ್ನೇ ಅದಕ್ಕೆ ಹೆಸರಾಗಿಟ್ಟರು. ಚಿಕ್ಕ ಪ್ಯಾಕೆಟ್ಟೊಂದನ್ನು ಕಳುಹಿಸಿ, ಮರುದನಿ ಬರಲು ಹಿಡಿದ ಕಾಲವನ್ನು ಅಳೆಯುವುದಷ್ಟೇ ಇದರ ಕೆಲಸ. ಮರುದನಿ ಬಂದರೆ ಯಂತ್ರವು ಬದುಕಿದೆ. ಬಾರದಿದ್ದರೆ ಸತ್ತಿದೆಯೆಂದು ತೀರ್ಮಾನಿಸಕೂಡದು. ದಾರಿ ಕಡಿದಿರಬಹುದು, ಇಲ್ಲವೇ ಕಾವಲಿನ ಯಂತ್ರವು ಪ್ರಶ್ನೆಯನ್ನೇ ತಡೆದಿರಬಹುದು.

ಬದುಕಿದ್ದರೆ ಸಾಕೆ? ಆರೋಗ್ಯವನ್ನೂ ವಿಚಾರಿಸಬೇಕು. ಇದಕ್ಕಾಗಿ 1988ರಲ್ಲಿ ಪ್ರಕಟವಾದುದು ಎಸ್‌ಎನ್‌ಎಂಪಿ, ಎಂದರೆ ಸರಳ ಜಾಲನಿರ್ವಹಣಾ ಪ್ರೋಟೋಕಾಲ್. ಪ್ರೋಟೋಕಾಲ್ ಎಂಬುದು ಯಂತ್ರಗಳು ಪರಸ್ಪರ ಮಾತನಾಡಲು ಒಪ್ಪಿಕೊಂಡ ಕಟ್ಟಳೆ. ನಿರ್ವಾಹಕರ ಗಣಕದಲ್ಲಿದ್ದು ಪ್ರಶ್ನೆ ಕೇಳುವ ತಂತ್ರಾಂಶಕ್ಕೆ ಮ್ಯಾನೇಜರ್ ಎಂದೂ, ರೂಟರಿನೊಳಗೆ ಕುಳಿತು ಉತ್ತರ ಕೊಡುವುದಕ್ಕೆ ಏಜೆಂಟ್ ಎಂದೂ ಹೆಸರು. ಏನೇನು ಕೇಳಬಹುದೆಂಬುದರ ಪಟ್ಟಿಯೇ ಮಿಬ್. ಅದರಲ್ಲಿ ಪ್ರತಿಯೊಂದು ಸಂಗತಿಗೂ, ಮರದ ಕವಲುಗಳನ್ನು ಒಂದೊಂದಾಗಿ ಹತ್ತಿದಂತೆ, ಒಂದು ಸಂಖ್ಯಾಮಾಲೆಯುಂಟು: 1.3.6.1.2.1.1.3 ಎಂದು ಕೇಳಿದರೆ, ತಾನು ಕೆಲಸಕ್ಕೆ ತೊಡಗಿ ಎಷ್ಟು ಕಾಲವಾಯಿತೆಂದು ಏಜೆಂಟ್ ತಿಳಿಸುತ್ತದೆ. ನಿನ್ನೆಗಿಂತ ಇಂದಿನ ಉತ್ತರ ಚಿಕ್ಕದಾಗಿದ್ದರೆ, ರಾತ್ರಿ ಯಾರೂ ನೋಡದಾಗ ಯಂತ್ರವು ಬಿದ್ದು ಎದ್ದಿರುವ ಸಂಭವ ಹೆಚ್ಚು. ಹೀಗೆ ನಿಯತಕಾಲಕ್ಕೆ ವಿಚಾರಿಸುವುದೇ ಪೋಲಿಂಗ್.

ಎಷ್ಟು ಕಾಲಕ್ಕೊಮ್ಮೆ ಎಂಬ ಪ್ರಶ್ನೆ ಸಾಮಾನ್ಯವಾದುದಲ್ಲ. ಹಾದುಹೋದ ಬೈಟುಗಳನ್ನು ಏಜೆಂಟ್ ಎಣಿಸುತ್ತಿರುತ್ತದೆ. ಮೊದಲಿನ ಎಣಿಕೆಗಳು 32 ಬಿಟ್ಟಿನವು. 4,29,49,67,295ನ್ನು ಮುಟ್ಟಿದ ಮೇಲೆ, ಹಳೆಯ ಸ್ಕೂಟರಿನ ದೂರಮಾಪಕದಂತೆ, ಸೊನ್ನೆಗೆ ಮರಳುವುವು. ಸೆಕೆಂಡಿಗೆ ಒಂದು ಕೋಟಿ ಬಿಟ್ಟುಗಳ ಜಾಲವು ತುಂಬಿ ಹರಿದರೂ ಇದಕ್ಕೆ 57 ನಿಮಿಷ ಹಿಡಿಯುತ್ತದೆ. ಐದು ನಿಮಿಷಕ್ಕೊಮ್ಮೆ ಕೇಳಿದರೆ ಲೆಕ್ಕ ತಪ್ಪದು. ವೇಗವು ನೂರು ಕೋಟಿಗೆ ಏರಿದಾಗಲಾದರೋ 34 ಸೆಕೆಂಡು ಸಾಕು! ಎರಡು ಪ್ರಶ್ನೆಗಳ ನಡುವೆ ಎಂಟು ಸಲ ಸೊನ್ನೆ ದಾಟಿದ ಎಣಿಕೆಯನ್ನು ನಂಬಿದರೆ, ಉಸಿರುಕಟ್ಟಿದ ದಾರಿಯು ಬರಿದಾದುದೆಂದು ತೋರುವುದು. 1993ರ ಎರಡನೆಯ ಆವೃತ್ತಿಯಲ್ಲಿ 64 ಬಿಟ್ಟಿನ ಎಣಿಕೆ ಬಂದಿತು. ಅದೇ ವೇಗದಲ್ಲಿ ಅದು ತುಂಬಲು ನಾಲ್ಕು ಸಾವಿರ ವರ್ಷಗಳಿಗೂ ಮಿಕ್ಕು ಬೇಕು.

ಕೇಳಿದವರು ಯಾರೆಂಬ ವಿಷಯದಲ್ಲಿ ಮೊದಲಿನ ಆವೃತ್ತಿಗಳು ಬಹಳ ಸಡಿಲ. ‘ಕಮ್ಯೂನಿಟಿ’ ಎಂಬ ಗುಟ್ಟಿನ ಪದವೊಂದನ್ನು ಹೇಳಿದರಾಯಿತು; ಅದೂ ಮುಚ್ಚುಮರೆಯಿಲ್ಲದೆ ಸಾಗುತ್ತಿತ್ತು. ಅನೇಕ ಯಂತ್ರಗಳಲ್ಲಿ ತಯಾರಕರೇ ಇಟ್ಟ ಪದ ‘ಪಬ್ಲಿಕ್’. ಗುಟ್ಟಿಗೆ ಇದಕ್ಕಿಂತ ಒಪ್ಪದ ಹೆಸರುಂಟೆ? 2002ರಲ್ಲಿ ಪೂರ್ಣ ಮಾನಕವಾದ ಮೂರನೆಯ ಆವೃತ್ತಿಯು ಗುರುತಿನ ಪರೀಕ್ಷೆಯನ್ನೂ ಗೂಢಲಿಪಿಯನ್ನೂ ಒದಗಿಸಿತು.

ಏಜೆಂಟ್ ತಾನಾಗಿಯೇ ಅಪಾಯವನ್ನು ಕೂಗಿ ಹೇಳುವುದೂ ಉಂಟು. ಇದೇ ಟ್ರ್ಯಾಪ್. ಆದರೆ ಇದು ಸಾಮಾನ್ಯವಾಗಿ ಸಾಗುವುದು ಯುಡಿಪಿ ಎಂಬ ಸಾಗಣೆಯಲ್ಲಿ. ಸಾಧಾರಣ ಅಂಚೆಯ ಕಾಗದದಂತೆ, ತಲುಪಿತೆಂಬ ರಸೀದಿ ಅದರಲ್ಲಿಲ್ಲ. ಜಾಲವು ಕೆಟ್ಟ ಗಳಿಗೆಯಲ್ಲಿಯೇ ಟ್ರ್ಯಾಪ್ ಕಳೆದುಹೋಗುವ ಭಯ ಹೆಚ್ಚು. ರಸೀದಿ ಬೇಡುವ ‘ಇನ್ಫಾರ್ಮ್’ ಸಂದೇಶವು ಅನಂತರ ಬಂದಿತಾದರೂ, ದಾರಿಯೇ ಇಲ್ಲದಾಗ ರಸೀದಿಯಾದರೂ ಎಲ್ಲಿಂದ ಬಂದೀತು?

ಆದುದರಿಂದ ದೊಡ್ಡ ಜಾಲಗಳಲ್ಲಿ ನಿರ್ವಹಣೆಗೆಂದೇ ಪ್ರತ್ಯೇಕ ದಾರಿಯನ್ನಿಡುವ ಪದ್ಧತಿಯುಂಟು. ಅದು ನಿಜವಾಗಿ ಪ್ರತ್ಯೇಕವೇ ಎಂಬುದನ್ನು ಮಾತ್ರ ಪರೀಕ್ಷಿಸಿಕೊಳ್ಳಬೇಕು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯ ಬೆನ್ನೆಲುಬಿನ ಜಾಲವು ತಪ್ಪು ಆಜ್ಞೆಯೊಂದರಿಂದ ಕಡಿದುಬಿದ್ದಾಗ, ಈ ಎರಡನೆಯ ದಾರಿಯೂ ಒಡನೆಯೇ ಮುಚ್ಚಿಹೋಯಿತು. ಎಂಜಿನಿಯರುಗಳು ಯಂತ್ರಗಳಿದ್ದ ಕಟ್ಟಡಗಳಿಗೇ ಹೋಗಿ ಕೈಯಾರೆ ಸರಿಪಡಿಸಬೇಕಾಯಿತು. ಕೋಟ್ಯಂತರ ಜನರು ಆರು ಗಂಟೆಗಳಿಗೂ ಮಿಕ್ಕು ಕಾದರು.