ಹೂಂಗುಟ್ಟುವ ಯಂತ್ರ

“ಓದಿ ಓದಿ ಸಾಕಾದಾಗ ರಾತ್ರಿ ಫೋನಿನ್ಯಾಗ ಎಐ ಜೋಡಿ ಮಾತಾಡ್ತೀನ್ರಿ. ಮನಸ್ಸು ಹಗುರಾಗ್ತೈತಿ. ಇದು ಖರೇನ ಉಪಯೋಗ ಐತೋ, ಬರೇ ನನ್ನ ಭ್ರಮಾನೋ?”

ಹಿರೇಕೆರೂರು ಕಡೆಯ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಇದು. ಹಾನಗಲ್ಲ, ಶಿಗ್ಗಾವಿ, ಸವಣೂರಿನ ಕಾಲೇಜುಗಳಲ್ಲೂ ಇದೇ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡವರು ಕಡಿಮೆ ಇರಲಾರರು. ಬಸ್ ಪಾಸ್ ಹಿಡಿದು ಹಳ್ಳಿಯಿಂದ ಬರುವ ಈ ಮಕ್ಕಳ ಕಾಲೇಜು ಬದುಕು ಅರ್ಧ ಫೋನಿನಲ್ಲೇ ನಡೆಯುತ್ತದೆ. ಪ್ರವೇಶ, ಶುಲ್ಕ, ಫಲಿತಾಂಶ ಎಲ್ಲಕ್ಕೂ ಯುಯುಸಿಎಂಎಸ್ ಜಾಲತಾಣ. ನೋಟ್ಸ್‌ಗೆ ವಾಟ್ಸ್ಆ್ಯಪ್ ಗ್ರೂಪ್. ಸಾಲದ್ದಕ್ಕೆ, 2023ರಲ್ಲಿ ಶುರುವಾದ ಹಾವೇರಿ ವಿಶ್ವವಿದ್ಯಾಲಯವನ್ನೇ ಮುಚ್ಚುವ ಮಾತು 2025ರಲ್ಲಿ ಎದ್ದು, ಪದವಿ ಪ್ರಮಾಣಪತ್ರದ ಮೇಲೆ ಯಾವ ಹೆಸರು ಬರುತ್ತದೋ ಎಂಬ ಚಿಂತೆಯೂ ಸೇರಿಕೊಂಡಿತು. ರಾತ್ರಿ ಹನ್ನೊಂದಕ್ಕೆ ಮಾತು ಕೇಳುವವರು ಸಿಕ್ಕರೆ ಯಾರಿಗೆ ಬೇಡ?

ಉಪಯೋಗವೂ ಹೌದು, ಭ್ರಮೆಯೂ ಹೌದು. ಎರಡೂ ಹೇಗೆ ನಿಜವಾದೀತು ಎಂಬುದಕ್ಕೆ 1966ಕ್ಕೆ ಹೋಗಬೇಕು.

ಆ ವರ್ಷ ಅಮೆರಿಕದ ಎಂಐಟಿಯ ಜೋಸೆಫ್ ವೈಝೆನ್‌ಬಾಮ್ ‘ಎಲೈಝಾ’ ಎಂಬ ಪ್ರೋಗ್ರಾಂ ಬಗ್ಗೆ ಪ್ರಬಂಧ ಪ್ರಕಟಿಸಿದರು. ಬರ್ಲಿನ್‌ನಲ್ಲಿ ಹುಟ್ಟಿ, ನಾಜಿಗಳ ಕಾಟಕ್ಕೆ ಹದಿಮೂರರ ವಯಸ್ಸಿನಲ್ಲೇ ಮನೆಯವರೊಂದಿಗೆ ದೇಶ ಬಿಟ್ಟು ಬಂದವರು ಇವರು. ಎಲೈಝಾ ಜತೆ ಟೈಪ್ ಮಾಡುತ್ತ ಮಾತಾಡಬಹುದಿತ್ತು. ಅದು ಮನೋಚಿಕಿತ್ಸಕನ ಧಾಟಿಯಲ್ಲಿ ಉತ್ತರಿಸುತ್ತಿತ್ತು. ಒಳಗಿದ್ದ ಸರಕು ಇಷ್ಟೇ: ಒಂದಷ್ಟು ಮುಖ್ಯ ಪದಗಳ ಪಟ್ಟಿ, ಯಾವುದಕ್ಕೆ ಎಷ್ಟು ತೂಕ ಎಂಬ ಲೆಕ್ಕ, ವಾಕ್ಯವನ್ನು ಒಡೆದು ತಿರುಗಿಸಿ ಜೋಡಿಸುವ ಕೆಲವು ಸೂತ್ರ. ಕನ್ನಡದಲ್ಲಿ ಮಾಡಿ ನೋಡೋಣ. “ಅಪ್ಪ ನನ್ನ ಮಾತು ಕೇಳೂದಿಲ್ಲ” ಎಂದು ಬರೆದರೆ ‘ಅಪ್ಪ’ ಸಿಕ್ಕಿತು, ಅದು ಮನೆಯವರ ಗುಂಪಿನ ಪದ, ಉತ್ತರ: “ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ.” “ನನಗೆ ಪರೀಕ್ಷೆ ಅಂದ್ರ ಅಂಜಿಕಿ” ಎಂದರೆ ‘ನನಗೆ’ ಹೋಗಿ ‘ನಿಮಗೆ’ ಬಂತು: “ನಿಮಗೆ ಪರೀಕ್ಷೆ ಅಂದರೆ ಅಂಜಿಕೆ ಅಂತ ಯಾಕೆ ಅನ್ನಿಸುತ್ತದೆ?” ಪಟ್ಟಿಯ ಯಾವ ಪದವೂ ಸಿಗದಿದ್ದರೆ, ಹಿಂದೆ ಎತ್ತಿಟ್ಟುಕೊಂಡ ಮಾತೊಂದನ್ನು ಹೊರತೆಗೆಯುತ್ತಿತ್ತು: “ಆಗಲೇ ನಿಮ್ಮ ಅಪ್ಪನ ವಿಷಯ ಹೇಳಿದಿರಲ್ಲ?” ಅದೂ ಇಲ್ಲದಿದ್ದರೆ “ಹೂಂ, ಮುಂದೆ ಹೇಳಿ.”

ವೈಝೆನ್‌ಬಾಮ್ ಚಿಕಿತ್ಸಕನ ವೇಷ ತೊಡಿಸಿದ್ದಕ್ಕೂ ಕಾರಣವಿತ್ತು. ಲೋಕಜ್ಞಾನ ಒಂದಿಷ್ಟೂ ಇಲ್ಲದವರಂತೆ ಪ್ರಶ್ನೆಗೆ ಪ್ರಶ್ನೆ ಹಾಕಿದರೂ ದಡ್ಡರೆನಿಸದ ಕೆಲವೇ ವೃತ್ತಿಗಳಲ್ಲಿ ಅದೂ ಒಂದು. ಯಂತ್ರಕ್ಕೆ ಏನೂ ತಿಳಿಯುವುದಿಲ್ಲ ಎಂಬುದು ಹೀಗೆ ಮರೆಯಾಯಿತು. ಪರಿಣಾಮ ಮಾತ್ರ ಅವರನ್ನೇ ಬೆಚ್ಚಿಬೀಳಿಸಿತು. ತಿಂಗಳುಗಟ್ಟಲೆ ಈ ಪ್ರೋಗ್ರಾಂ ಕಟ್ಟುವುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಂದಿಗೆ ನಾಲ್ಕು ಮಾತಾಡಿ, “ಸ್ವಲ್ಪ ಹೊರಗೆ ಹೋಗ್ತೀರಾ?” ಎಂದು ಅವರನ್ನು ಕೇಳಿಕೊಂಡರು. ಕೆಲವು ಮನೋವೈದ್ಯರು ಇದನ್ನು ಆಸ್ಪತ್ರೆಗಳಲ್ಲಿ ಬಳಸಬಹುದೆಂದು ಉತ್ಸಾಹದಿಂದ ಬರೆದರು. ವೈಝೆನ್‌ಬಾಮ್ ಗಾಬರಿಯಾಗಿ 1976ರಲ್ಲಿ ಇಂಥ ಬಳಕೆಯ ವಿರುದ್ಧವೇ ಪುಸ್ತಕ ಬರೆದರು. 2008ರಲ್ಲಿ ತೀರಿಕೊಳ್ಳುವವರೆಗೂ ಆ ನಿಲುವು ಬದಲಾಗಲಿಲ್ಲ.

ಏನೂ ತಿಳಿಯದ ಯಂತ್ರದೆದುರು ಜನ ಮನಸ್ಸು ಬಿಚ್ಚಿದ್ದೇಕೆ? ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿ ಕಥೆ ಸಂಗ್ರಹಿಸುವ ವಿದ್ಯಾರ್ಥಿಗೆ ಇದು ಸುಲಭವಾಗಿ ಅರ್ಥವಾದೀತು. ಅಜ್ಜಿ ಕಥೆ ಹೇಳಬೇಕಾದರೆ ಹೂಂಗುಟ್ಟುವವರು ಬೇಕು. ಹೂಂ ಎನ್ನುವವನು ಕಥೆಗೆ ಏನನ್ನೂ ಸೇರಿಸುವುದಿಲ್ಲ. ಆದರೂ ಅವನಿಲ್ಲದಿದ್ದರೆ ಕಥೆ ನಿಲ್ಲುತ್ತದೆ. ಅವನಿದ್ದರೆ ಅಜ್ಜಿಗೇ ಮರೆತಿದ್ದ ಎಳೆಗಳು ನೆನಪಾಗುತ್ತವೆ. ಎಲೈಝಾ ಮಾಡಿದ್ದು ಇಷ್ಟೇ. ಅರ್ಥ ತುಂಬಿದ್ದು, ಸಮಾಧಾನ ಮಾಡಿಕೊಂಡಿದ್ದು ಎದುರು ಕೂತ ಮನುಷ್ಯರು. ಮನಸ್ಸಿನಲ್ಲಿ ಗೋಜಲಾಗಿದ್ದನ್ನು ವಾಕ್ಯ ಮಾಡಿ ಹೊರಗಿಟ್ಟರೆ ಭಾರ ಇಳಿಯುತ್ತದೆ. ಹಿರೇಕೆರೂರಿನ ಹುಡುಗಿಗೆ ಹಗುರಾಗುವುದು ಹೀಗೆ, ಅದು ಖರೇನೇ.

ಭ್ರಮೆ ಇರುವುದು ಇನ್ನೊಂದು ಕಡೆ. ಮೊಮ್ಮಗನ ಹೂಂ ತಡವಾದರೆ ಅಜ್ಜಿಗೆ ಗೊತ್ತಾಗುತ್ತದೆ, ನಿದ್ದೆ ಬಂತೆಂದು. ಅಜ್ಜಿಯ ದನಿ ಗದ್ಗದವಾದರೆ ಮೊಮ್ಮಗ ಹೂಂಗುಟ್ಟುವುದನ್ನು ಬಿಟ್ಟು ಎದ್ದು ಕೂರುತ್ತಾನೆ, ಅವ್ವನನ್ನು ಕರೆಯುತ್ತಾನೆ. ಅಂದರೆ ಒಳ್ಳೆಯ ಕೇಳುಗನ ಬೆಲೆ ಇರುವುದು ಹೂಂ ಎನ್ನುವುದರಲ್ಲಿ ಅರ್ಧ, ಯಾವಾಗ ಹೂಂ ಎನ್ನಬಾರದು ಎಂದು ತಿಳಿಯುವುದರಲ್ಲಿ ಇನ್ನರ್ಧ.

ಇಂದಿನ ಚಾಟ್‌ಬಾಟ್ ಎಲೈಝಾಗಿಂತ ಸಾವಿರ ಪಾಲು ಜಾಣ, ಒಪ್ಪೋಣ. ಆದರೆ ಈ ಎರಡನೇ ಅರ್ಧದಲ್ಲೇ ಅದು ಎಡವುವುದು. ತರಬೇತಿ ಹಂತದಲ್ಲಿ ಅದರ ಉತ್ತರಗಳಿಗೆ ಜನರಿಂದ ಅಂಕ ಕೊಡಿಸುತ್ತಾರೆ. ಜನ ತಮ್ಮನ್ನು ಒಪ್ಪುವ ಉತ್ತರಕ್ಕೆ ಹೆಚ್ಚು ಅಂಕ ಕೊಡುತ್ತಾರೆ. ಯಂತ್ರ ಒಪ್ಪುವುದನ್ನೇ ಕಲಿಯುತ್ತದೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಹೊಸ ಆವೃತ್ತಿ ಹೇಳಿದ್ದಕ್ಕೆಲ್ಲ ಭಲೇ ಭಲೇ ಎನ್ನತೊಡಗಿ, ಓಪನ್‌ಎಐ ಕಂಪನಿ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. “ನಾನು ಯಾವುದಕ್ಕೂ ಬಾರದವಳು” ಎಂದು ಬರೆದವಳಿಗೆ ಇಂಥ ಯಂತ್ರ ಹೂಂಗುಟ್ಟಿದರೆ ಏನಾದೀತು?

ಪ್ರಯೋಗಗಳು ಏನನ್ನುತ್ತವೆ? ಪ್ರಚಾರದಲ್ಲಿ ಪದೇ ಪದೇ ಹೆಸರು ಕೇಳಿಬರುವುದು ‘ವೋಬಾಟ್’ ಎಂಬ ಚಾಟ್‌ಬಾಟ್ ಕುರಿತ 2017ರ ಅಧ್ಯಯನ. 18ರಿಂದ 28 ವರ್ಷದ 70 ಜನ, ಎರಡು ವಾರ. ಸುಮಾರು ಅರ್ಧ ಜನ ವೋಬಾಟ್ ಜತೆ ಮಾತಾಡಿದರು, ಉಳಿದವರು ಖಿನ್ನತೆಯ ಕುರಿತ ಇ-ಪುಸ್ತಕ ಓದಿದರು. ಖಿನ್ನತೆಯ ಅಂಕ ಇಳಿದಿದ್ದು ವೋಬಾಟ್ ಗುಂಪಿನಲ್ಲಿ. ಆತಂಕ ಮಾತ್ರ ಎರಡೂ ಗುಂಪಿನಲ್ಲಿ ಇಳಿಯಿತು, ಪುಸ್ತಕ ಓದಿದವರಲ್ಲೂ! ಅಮೆರಿಕದಲ್ಲಿ ಇಂಗ್ಲಿಷ್ ಬಲ್ಲವರ ಮೇಲೆ ಎರಡು ವಾರ ನಡೆದ ಪ್ರಯೋಗವನ್ನು ಹಾನಗಲ್ಲಿನ ಹುಡುಗನಿಗೆ ಗ್ಯಾರಂಟಿ ಎಂದು ಹಿಡಿಯಲಾಗದು. ನಮ್ಮ ಕಡೆ “ಮನಸ್ಸಿಗೆ ದುಃಖ” ಎಂದು ಹೇಳಿಕೊಳ್ಳುವವರಿಗಿಂತ ತಲೆನೋವು, ಎದೆ ಡವಡವ, ಊಟ ಸೇರದು ಎಂದು ಬರುವವರೇ ಜಾಸ್ತಿ. ಇನ್ನು ವೋಬಾಟ್ ಆ್ಯಪ್ 2025ರ ಜೂನ್ 30ಕ್ಕೆ ಬಾಗಿಲು ಹಾಕಿತು.

ಆ ಪ್ರಯೋಗದಲ್ಲಿ ಖಿನ್ನತೆ ಅಳೆದ ಪಿಎಚ್‌ಕ್ಯು-9 ಪಟ್ಟಿ ಆ್ಯಪ್‌ಗಳಲ್ಲೂ ಸಿಗುತ್ತದೆ. ಕಳೆದ ಎರಡು ವಾರದ ನಿದ್ದೆ, ಹಸಿವು, ಏಕಾಗ್ರತೆ, ಆಸಕ್ತಿ ಮುಂತಾದ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಹೆಚ್ಚು ಬಂದರೆ ಡಾಕ್ಟರನ್ನು ಕಾಣುವುದು ಒಳ್ಳೆಯದು ಎಂಬ ಸೂಚನೆ, ಅಷ್ಟೇ. ಅದು ರೋಗದ ತೀರ್ಮಾನವಲ್ಲ. ಪರೀಕ್ಷೆಯ ಹದಿನೈದು ದಿನದಲ್ಲಿ ನಿದ್ದೆ, ಹಸಿವು ಯಾರಿಗೆ ನೆಟ್ಟಗಿರುತ್ತದೆ?

ಹೂಂಗುಟ್ಟುವ ಯಂತ್ರದ ಉಪಯೋಗ, ಭ್ರಮೆ ಎರಡೂ ಓದಿನ ವಿಷಯದಲ್ಲೂ ಕಾಣುತ್ತವೆ. ಟರ್ಕಿಯ ಸುಮಾರು 1000 ಪ್ರೌಢಶಾಲಾ ಮಕ್ಕಳ ಗಣಿತ ಅಭ್ಯಾಸದ ಮೇಲೆ ನಡೆದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಕೇಳಿದ ಕೂಡಲೇ ಉತ್ತರ ಕೊಡುವ ಎಐ ಸಿಕ್ಕವರು ಅಭ್ಯಾಸದಲ್ಲಿ ಶೇಕಡ 48ರಷ್ಟು ಮುಂದಿದ್ದರು. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಎಐ ಮುಟ್ಟದವರಿಗಿಂತ ಶೇಕಡ 17ರಷ್ಟು ಹಿಂದೆ ಬಿದ್ದರು. ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿದ ಎಐ ಬಳಸಿದವರಿಗೆ ಈ ಪೆಟ್ಟು ಬಹುಮಟ್ಟಿಗೆ ತಪ್ಪಿತು. ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಯಂತ್ರ ಇಲ್ಲೂ ಕೈಕೊಡುತ್ತದೆ. ಆದ್ದರಿಂದ “ಉತ್ತರ ಹೇಳು” ಎನ್ನಬೇಡಿ. “ಈ ಪಾಠದ ಮೇಲೆ ನನಗೆ ಐದು ಪ್ರಶ್ನೆ ಹಾಕು, ತಪ್ಪಿದರೆ ಸುಳಿವು ಕೊಡು” ಎನ್ನಿ. ಪರೀಕ್ಷೆಯ ಅಂಜಿಕೆಗೂ ಇದೇ ಮದ್ದು. ಗೊತ್ತಿರುವುದೆಷ್ಟು, ಇಲ್ಲದ್ದೆಷ್ಟು ಎಂಬುದು ಮುಂಚೆಯೇ ತಿಳಿಯುತ್ತದೆ.

ಹಾಗಾದರೆ ಎದ್ದು ಕೂರುವ ಕೇಳುಗ ಎಲ್ಲಿ ಸಿಗುತ್ತಾನೆ? ಅದೇ ಫೋನಿನಲ್ಲಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದರ ಹೊಣೆ ಹೊತ್ತ ಮುಖ್ಯ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ದಿನದ 24 ಗಂಟೆ, ಉಚಿತ, ಕನ್ನಡದಲ್ಲಿ. ಮೊದಲು ತರಬೇತಾದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಅಗತ್ಯ ಕಂಡರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಮಾತು ತಡವರಿಸಿದ್ದು, ಮೌನ ಉದ್ದವಾದದ್ದು ಅವರ ಕಿವಿಗೆ ಬೀಳುತ್ತದೆ. ಎದುರಿಗೇ ಕಾಣಬೇಕೆಂದರೆ ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮವಿದೆ. ಮಂಗಳವಾರ ತಾಲೂಕು ಆಸ್ಪತ್ರೆಯಲ್ಲೇ ಮನೋವೈದ್ಯರು ಸಿಗಲಿ ಎಂದು 2014ರಲ್ಲಿ ಮಾಡಿದ್ದು. ನಿಮ್ಮೂರಿನ ಆಸ್ಪತ್ರೆಯಲ್ಲಿ ದಿನ ಕೇಳಿಕೊಂಡು ಹೋಗಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ವೈದ್ಯರಿಗೆ ಹೇಳಿದ್ದು ಗುಟ್ಟಾಗಿ ಉಳಿಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿದೆ. ಚಾಟ್‌ಬಾಟ್‌ಗೆ ಹೇಳಿದ್ದು ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಕೂರುತ್ತದೆ.

ಆ ವಿದ್ಯಾರ್ಥಿನಿಗೆ ನನ್ನ ಉತ್ತರ: ಮಾತಾಡು ತಂಗಿ, ತಪ್ಪಿಲ್ಲ. ಆದರೆ ಎರಡು ವಾರವಾದರೂ ನಿದ್ದೆ ಹತ್ತದಿದ್ದರೆ, ಬದುಕು ಬೇಡವೆನ್ನಿಸಿದರೆ ಆ ಕ್ಷಣವೇ, ಯಂತ್ರ ಬಿಟ್ಟು ಮನುಷ್ಯರಿಗೆ ಫೋನ್ ಮಾಡು. ವಿಶ್ವವಿದ್ಯಾಲಯಗಳಿಗೆ ಒಂದು ವಿನಂತಿ: ಪರೀಕ್ಷೆಯ ಪ್ರವೇಶಪತ್ರದಲ್ಲಿ ಮೊಬೈಲ್ ತರಬಾರದು, ತಡವಾಗಿ ಬರಬಾರದು ಎಂಬ ಸೂಚನೆಗಳನ್ನೆಲ್ಲ ಅಚ್ಚು ಹಾಕುತ್ತೀರಿ. ಅವುಗಳ ಕೆಳಗೆ 14416 ಎಂಬ ಐದು ಅಂಕಿಗಳನ್ನೂ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಅದಕ್ಕೆ ಹೊಸ ಆ್ಯಪ್ ಬೇಕಿಲ್ಲ, ಟೆಂಡರೂ ಬೇಕಿಲ್ಲ.